ತಾತನ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಸಾಲು

ನಮ್ಮ ಭಾಗದಲ್ಲಿ ಮಿಲಿಟರಿಗೆ ಹೋದವರು ಕಡಿಮೆ. ಕೊಡಗಿನಲ್ಲಿ ಮನೆಗೊಬ್ಬ ಸೈನಿಕ ಎನ್ನುವ ಮಾತಿದೆ. ನಮ್ಮ ರಾಜ್ಯದಲ್ಲೇ ಪಶ್ಚಿಮ ಗೋದಾವರಿ ಕಡೆಯ ಮಾಧವರಂ ಎಂಬ ಊರನ್ನು ಜನ 'ಮಿಲಿಟರಿ ಮಾಧವರಂ' ಎಂದೇ ಕರೆಯುತ್ತಾರೆ. ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ಕಥೆ ಬೇರೆ. ಇಲ್ಲಿ ಹತ್ತಿ, ಸೇಂಗಾ, ಜೋಳ. ಮಳೆ ಕೈಕೊಟ್ಟ ವರ್ಷ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ. ಹಾಜರಿ ಪುಸ್ತಕ ತೆರೆದರೆ ನಮಗೆ ಮೊದಲು ಕಾಣುವುದು ಆ ಗುಳೆಯೇ. ಇಂಥ ಕಡೆ ಊರಿಗೊಬ್ಬ ಸೈನಿಕ ಇದ್ದರೆ ಅದೇ ಹೆಚ್ಚು. ಊರಿಗೆ ಒಬ್ಬನೇ ಆದಾಗ ಒಂದು ತೊಂದರೆ ಇದೆ. ಅವನು ಹೇಳಿದ್ದಕ್ಕೆ 'ಹೌದು, ನಾನೂ ಇದ್ದೆ' ಎನ್ನಲು ಪಕ್ಕದಲ್ಲಿ ಇನ್ನೊಬ್ಬ ಇರುವುದಿಲ್ಲ.

ಈ ಮಾತು ನಮಗೆ ತಿಳಿದದ್ದು 2022ರ ಆಗಸ್ಟ್ 15ರಂದು. ಸ್ವಾತಂತ್ರ್ಯಕ್ಕೆ 75 ವರ್ಷ ತುಂಬಿದ ಹಬ್ಬ. ಶಾಲೆಗೆ ನಮ್ಮೂರಿನ ಮಾಜಿ ಸೈನಿಕರೊಬ್ಬರನ್ನು ಕರೆದಿದ್ದೆವು. ಊರೆಲ್ಲ ಅವರನ್ನು ತಾತ ಎನ್ನುತ್ತದೆ, ನಾವೂ ಹಾಗೇ ಕರೆಯುತ್ತೇವೆ. 1963ರಲ್ಲಿ ಬಳ್ಳಾರಿಗೆ ನಡೆದು ಹೋಗಿ ಭರ್ತಿಯಾದವರು, ಲಾರಿ ಡ್ರೈವರ್ ಆಗಿ 15 ವರ್ಷ ದುಡಿದು 1978ರಲ್ಲಿ ಪಿಂಚಣಿ ಮೇಲೆ ಬಂದವರು. ಸಾಂಬಾದಿಂದ ಸಿಯಾಲ್‌ಕೋಟ್ ಕಡೆಗೆ ರಾತ್ರಿ ದೀಪ ಹಚ್ಚದೆ ಮದ್ದುಗುಂಡಿನ ಲಾರಿ ಓಡಿಸಿದ್ದನ್ನು ಮಕ್ಕಳಿಗೆ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಸಭೆ ಮುಗಿದ ಮೇಲೆ ಅವರ ಡಿಸ್ಚಾರ್ಜ್ ಪುಸ್ತಕ ಕೈಯಿಂದ ಕೈಗೆ ಹೋಯಿತು. ಊರಿನ ಒಬ್ಬ ನಿವೃತ್ತ ನೌಕರರು ಪದಕಗಳ ಪುಟ ಓದಿ, "ಇದ್ರಾಗ ರಕ್ಷಾ ಮೆಡಲ್ ಐತಿ, ಸಂಗ್ರಾಮ್ ಮೆಡಲ್ ಐತಿ. ಯುದ್ಧದ ಸ್ಟಾರ್ ಎಲ್ಲೈತಿ ತಾತ?" ಎಂದುಬಿಟ್ಟರು. ಯಾರೋ ನಕ್ಕರು. ತಾತ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮಿಠಾಯಿಯನ್ನೂ ತಿನ್ನದೆ ಹೋದರು.

ಸಂಜೆ ಅವರ ಮನೆಗೆ ಹೋದೆವು. "ಐವತ್ತು ವರ್ಷದಿಂದ ಇದೇ ಮಾತು ಸಾರ್. ಹೋಟ್ಲಾಗ ಕುಂತ್ರೂ ಇದೇ. ಇವ್ನು ಯುದ್ಧಕ್ಕ ಹೋಗಿಲ್ಲ, ಬರೇ ಬೊಗಳೆ ಅಂತಾರ. ಬರ್ದವ್ರು ಒಂದು ಸಾಲು ಬಿಟ್ರ ನಾನೇನ್ ಮಾಡ್ಲಿ?" ಎಂದರು. ಆ ಒಂದು ಸಾಲು ಯಾವುದು, ಯಾಕೆ ಬಿಟ್ಟುಹೋಯಿತು ಎಂದು ಹುಡುಕಲು ನಾವು ಹೊರಟದ್ದು ಅಲ್ಲಿಂದ.

ಮೊದಲು ಪದಕಗಳ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ನಾವೂ ಆಗಲೇ ಕಲಿತದ್ದು. ಸೈನ್ಯದ ಪದಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಶೌರ್ಯಕ್ಕೆ ಕೊಡುವುದು: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಇವನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿದರು. ಇದಕ್ಕೆ ಮೇಲಧಿಕಾರಿ ಶಿಫಾರಸು ಮಾಡಬೇಕು, ಮೇಲಿನವರು ಒಪ್ಪಬೇಕು. ಇನ್ನೊಂದು ಬಗೆ ಇಂಥ ಕಡೆ, ಇಂಥ ಕಾಲದಲ್ಲಿ ಸೇವೆಯಲ್ಲಿದ್ದ ಎಲ್ಲರಿಗೂ ಹಕ್ಕಾಗಿ ಬರುವಂಥದ್ದು. 1965ರ ಆಗಸ್ಟ್ 5ರ ಹೊತ್ತಿಗೆ 180 ದಿನ ಸೇವೆ ಆಗಿದ್ದರೆ ರಕ್ಷಾ ಮೆಡಲ್. ಆಗಸ್ಟ್ 5ರಿಂದ 1966ರ ಜನವರಿ 25ರ ನಡುವೆ ಯುದ್ಧಭೂಮಿಯಲ್ಲೇ ಇದ್ದವರಿಗೆ ಸಮರ ಸೇವಾ ಸ್ಟಾರ್. ಹಾಗೆಯೇ 1971ರ ಯುದ್ಧಕ್ಕೆ ಪೂರ್ವದಲ್ಲಿ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಪಶ್ಚಿಮಿ ಸ್ಟಾರ್; ಗಡಿ ರಾಜ್ಯಗಳಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ್ ಮೆಡಲ್.

ಈಗ ಆ ನಿವೃತ್ತ ನೌಕರರ ಪ್ರಶ್ನೆ ಅರ್ಥವಾಗುತ್ತದೆ. ರಕ್ಷಾ ಮೆಡಲ್ ಹೇಳುವುದು 'ಇವನು ಆಗ ಸೈನ್ಯದಲ್ಲಿದ್ದ' ಎಂದಷ್ಟೇ. ಸಮರ ಸೇವಾ ಸ್ಟಾರ್ ಹೇಳುವುದು 'ಇವನು ಅಲ್ಲಿದ್ದ' ಎಂದು. ತಾತನ ಪುಸ್ತಕದಲ್ಲಿ ಇಲ್ಲದ್ದು ಇದೇ ಎರಡನೆಯದು. ಇದರಿಂದ ಪಿಂಚಣಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಹಾಗಾದರೆ ಯಾಕೆ ಬೇಕು ಎಂದು ಕೇಳಿದವರು ಬಹಳ ಜನ. ಅದಕ್ಕೆ ಉತ್ತರ ಕೊಡುವ ಮುಂಚೆ ನಮ್ಮ ಕನ್ನಡನಾಡಿನದೇ ಒಂದು ದೊಡ್ಡ ಉದಾಹರಣೆ ಹೇಳಬೇಕು.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1932ರ ಡಿಸೆಂಬರ್ 24ರಂದು ಹುಟ್ಟಿದವರು. 1965ರ ಸೆಪ್ಟೆಂಬರ್ 7ರಂದು ಅವರಿದ್ದ 1ನೇ ಸ್ಕ್ವಾಡ್ರನ್ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳಲ್ಲಿ ಹೊರಟು ಪಾಕಿಸ್ತಾನದ ಸರಗೋಧಾ ವಿಮಾನ ನೆಲೆಯ ಮೇಲೆ ದಾಳಿ ಮಾಡಿತು. ದೇವಯ್ಯ ಅಂದು ಮೀಸಲು ಪೈಲಟ್ ಆಗಿದ್ದು ದಾಳಿಯಲ್ಲಿ ಸೇರಿಕೊಂಡವರು. ಉಳಿದವರು ಹಿಂದಿರುಗಿದರು, ದೇವಯ್ಯ ಬರಲಿಲ್ಲ. ನಮ್ಮ ಕಡೆಯ ದಾಖಲೆಯಲ್ಲಿ ಉಳಿದದ್ದು 'ಕಾಣೆಯಾಗಿದ್ದಾರೆ' ಎಂಬ ಮಾತು. ಏನಾಯಿತು ಎಂದು ನೋಡಿದ ಭಾರತೀಯರು ಯಾರೂ ಇರಲಿಲ್ಲ. ಸಾಕ್ಷಿ ಇಲ್ಲ, ಆದ್ದರಿಂದ ಶಿಫಾರಸೂ ಇಲ್ಲ, ಪದಕವೂ ಇಲ್ಲ.

ಸಾಕ್ಷಿ ಬಂದದ್ದು ಎದುರಾಳಿಗಳ ಕಡೆಯಿಂದ! ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಮೇಲೆ, ಪಾಕಿಸ್ತಾನಿ ವಾಯುಪಡೆಯ ನೆರವು ಪಡೆದು ಬರೆದ ಪುಸ್ತಕ 1979ರಲ್ಲಿ ಬಂತು. ಅಂದು ಹಿಂದಿರುಗುತ್ತಿದ್ದ ಒಂದು ಮಿಸ್ಟೇರ್ ವಿಮಾನವು ತನ್ನನ್ನು ಹೊಡೆಯಲು ಬಂದ ಎಫ್-104 ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನೇ ಕೆಡವಿತು, ಆ ಪಾಕಿಸ್ತಾನಿ ಪೈಲಟ್ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡರು ಎಂಬ ವಿವರ ಅದರಲ್ಲಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ಬಹಳ ನಿಧಾನದ್ದು. ಆ ಹೊತ್ತು, ಆ ಜಾಗದಲ್ಲಿ ಹಿಂದಿರುಗದೆ ಉಳಿದ ಮಿಸ್ಟೇರ್ ಯಾರದು ಎಂದು ತಾಳೆ ನೋಡಿದಾಗ ಉತ್ತರ ಒಂದೇ: ದೇವಯ್ಯ. ಅಂದಿನ ದಾಳಿಯ ನಾಯಕರಾಗಿದ್ದ ಓ.ಪಿ. ತನೇಜಾ ಈ ವಿಷಯವನ್ನು ಎತ್ತಿ ಹಿಡಿದರು. ಕಡೆಗೆ 1988ರಲ್ಲಿ, ಅಂದರೆ 23 ವರ್ಷದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ. 2025ರ ಜನವರಿಯಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾ ಇದೇ ಘಟನೆಯನ್ನು ಆಧರಿಸಿದ್ದು.

ಈ ಪ್ರಸಂಗದಲ್ಲಿ ಇತಿಹಾಸ ಕಲಿಯುವವರಿಗೆ ಒಂದು ದೊಡ್ಡ ಪಾಠವಿದೆ. ಯಾರೂ ದೇವಯ್ಯನವರಿಗೆ ಬೇಕೆಂದು ಅನ್ಯಾಯ ಮಾಡಿದ್ದಲ್ಲ. ದಾಖಲೆ ಬರೆಯುವವನು ತನಗೆ ತಿಳಿದದ್ದನ್ನಷ್ಟೇ ಬರೆಯಬಲ್ಲ. ತಿಳಿಯದೆ ಹೋದದ್ದು ಆಮೇಲೆ ತಿಳಿದಾಗ ಅದನ್ನು ತಿದ್ದುವ ಬಾಗಿಲು ತೆರೆದಿರಬೇಕು, ಅಷ್ಟೇ. 23 ವರ್ಷದ ಮೇಲೂ ಆ ಬಾಗಿಲು ತೆರೆದಿತ್ತು.

ಆದರೆ ದೇವಯ್ಯ ಅಧಿಕಾರಿ. ಅವರ ಬಗ್ಗೆ ಮಾತಾಡಲು ಒಬ್ಬ ನಾಯಕರಿದ್ದರು, ಒಂದು ಪುಸ್ತಕ ಬಂತು. ಸಾಮಾನ್ಯ ಸಿಪಾಯಿಯ ಗತಿ? ಇರಾಕಿನ ಬಸ್ರಾದಲ್ಲಿ ಮೊದಲನೇ ಮಹಾಯುದ್ಧದ ಸ್ಮಾರಕ ಇದೆ. ಮೆಸೊಪೊಟೇಮಿಯಾದಲ್ಲಿ ಸತ್ತ 40,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ನಮ್ಮ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಆ ರಣರಂಗಕ್ಕೆ ಹೋಗಿದ್ದರು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಭಾರತೀಯ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಹೆಸರಿಲ್ಲ. ಇಂಥ ಪಡೆಯವರು ಇಷ್ಟು ಮಂದಿ ಎಂದು ಲೆಕ್ಕ ಅಷ್ಟೇ. ಆ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 2021ರ ಏಪ್ರಿಲ್‌ನಲ್ಲಿ ತನ್ನ ತಪ್ಪನ್ನು ತಾನೇ ವರದಿಯಲ್ಲಿ ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಮುಂತಾದ ಕಡೆಯ 45,000ದಿಂದ 54,000 ಮಂದಿಯನ್ನು ಸಮಾನವಾಗಿ ಸ್ಮರಿಸಿಲ್ಲ, ಇನ್ನೂ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲ ಅಥವಾ ಸ್ಮಾರಕವೇ ಇಲ್ಲ ಎಂದಿತು. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ನೂರು ವರ್ಷದ ಮೇಲೆ!

ನಮ್ಮ ಹಿರಿಯರು ಈ ವಿಷಯದಲ್ಲಿ ಹೀಗಿರಲಿಲ್ಲ. ಕನ್ನಡನಾಡಿನ ಊರೂರಿಗೆ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಕಲ್ಲು ನೆಟ್ಟು, ಎಷ್ಟೋ ಕಡೆ ಹೆಸರು ಕೆತ್ತಿದ್ದಾರೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕುಳಿತಿರುವುದು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949ರ ಹೊತ್ತಿನ ಕಲ್ಲು ಇನ್ನೂ ವಿಶೇಷ. ಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಎಂಬ ಬೇಟೆ ನಾಯಿಯ ನೆನಪು ಅದರಲ್ಲಿದೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಯ ಹೆಸರನ್ನೂ ಬಿಡದೆ ಬರೆದರು. ನೂರು ವರ್ಷದ ಹಿಂದೆ ಮನುಷ್ಯರನ್ನು ಲೆಕ್ಕದಲ್ಲಿ ಮುಗಿಸಿದರು. 'ಪದಕದಿಂದ ಏನು ಲಾಭ' ಎನ್ನುವವರಿಗೆ ನಮ್ಮ ಉತ್ತರ ಇದೇ. ಡಿಸ್ಚಾರ್ಜ್ ಪುಸ್ತಕವೇ ಆ ಮನುಷ್ಯನ ವೀರಗಲ್ಲು. ತಾತನ ಬಗ್ಗೆ ಲೋಕದಲ್ಲಿ ಬರವಣಿಗೆಯಲ್ಲಿರುವುದು ಅದೊಂದೇ.

ಇರಲಿ, ನಮ್ಮ ಕೆಲಸಕ್ಕೆ ಬರೋಣ. ನಮ್ಮ ಮೊದಲ ಅರ್ಜಿ ಪೂರ್ತಿ ಕೆಟ್ಟುಹೋಯಿತು. ತಪ್ಪು ನಮ್ಮದೇ. ನಾಲ್ಕು ಪುಟ ಬರೆದಿದ್ದೆವು. 1965ರ ಯುದ್ಧದ ಕಥೆ, ತಾತನ ದೇಶಭಕ್ತಿ, ಹೋಟೆಲಿನ ಅವಮಾನ, ಎಲ್ಲಾ ಇತ್ತು. ಬೇಕಾದದ್ದು ಮಾತ್ರ ಇರಲಿಲ್ಲ. ಕೆಲವು ತಿಂಗಳ ಮೇಲೆ ದಾಖಲೆ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು: ದಾಖಲೆಯಲ್ಲಿ ಇಲ್ಲ. ಜೊತೆಗೆ ಹೆಸರು ಹೊಂದುವುದಿಲ್ಲ ಎಂದೂ ಸೂಚನೆ.

ಹೆಸರಿನ ಕಥೆ ಗಡಿಯವರಾದ ನಮಗೆಲ್ಲ ಗೊತ್ತಿರುವುದೇ. ಉರುಕುಂದದ ಈರಣ್ಣಸ್ವಾಮಿಯ ಹೆಸರಿಟ್ಟುಕೊಂಡವರು ಈ ಭಾಗದಲ್ಲಿ ಸಾವಿರಾರು. ಒಬ್ಬ ಗುಮಾಸ್ತ 'ಈರಣ್ಣ' ಎಂದು ಬರೆಯುತ್ತಾನೆ, ಇನ್ನೊಬ್ಬ 'ಇರಣ್ಣ', ಮತ್ತೊಬ್ಬ 'ವೀರಣ್ಣ'. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಮನೆತನದ ಹೆಸರು ಕೊನೆಗೆ, ತೆಲುಗಿನ ಕಾಗದದಲ್ಲಿ ಇಂಟಿಪೇರು ಮೊದಲಿಗೆ. ಜಿಲ್ಲೆಯದೂ ಇದೇ ಪಾಡು. ತಾತ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಆದೋನಿ ತಾಲ್ಲೂಕಿನಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಉಳಿದವು ಮೈಸೂರಿಗೆ ಹೋದವು. ಆದೋನಿ, ಆಲೂರು ಕರ್ನೂಲು ಜಿಲ್ಲೆಯಾದವು. ತಾತ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆದರೂ ಒಂದು ಕಾಗದದಲ್ಲಿ ಬಳ್ಳಾರಿಯವರು, ಇನ್ನೊಂದರಲ್ಲಿ ಕರ್ನೂಲಿನವರು. ಇಬ್ಬರೂ ಒಬ್ಬರೇ ಎಂದು ನೂರು ಕಿಲೋಮೀಟರ್ ದೂರದ ಕರ್ನೂಲಿಗೆ ಹೋಗಿ ತಿಳಿಸಿ ಹೇಳಬೇಕಾಯಿತು. ಕೊನೆಗೆ ಕೈ ಹಿಡಿದದ್ದು ಸೈನ್ಯದ ಸಂಖ್ಯೆ. ಹೆಸರು ಬದಲಾಗುತ್ತದೆ, ಜಿಲ್ಲೆ ಬದಲಾಗುತ್ತದೆ, ಆ ಸಂಖ್ಯೆ ಬದಲಾಗುವುದಿಲ್ಲ.

ಆಮೇಲೆ ಮಾಹಿತಿ ಹಕ್ಕು ಕಾಯ್ದೆಯ ದಾರಿ ಹಿಡಿದೆವು. 2005ರ ಕಾಯ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ತಾತನ ಸಹಿಯಲ್ಲೇ ಅವರ ಸೇವಾ ದಾಖಲೆಯ ನಕಲು ಕೇಳಿದೆವು. ಸೈನ್ಯದಲ್ಲಿ ಒಬ್ಬನ ಬದುಕಿನ ಪ್ರತಿ ಬದಲಾವಣೆಯೂ, ವರ್ಗಾವಣೆ, ಮದುವೆ, ಮಗು, ಪದಕ, ಎಲ್ಲವೂ 'ಪಾರ್ಟ್ ಟೂ ಆರ್ಡರ್' ಎಂಬ ಆದೇಶವಾಗಿ ಹೊರಟು ದಾಖಲೆ ಕಚೇರಿಯ ಹಾಳೆಯಲ್ಲಿ ಏರುತ್ತದೆ. ಆದೇಶವಿಲ್ಲದೆ ಸಾಲಿಲ್ಲ. ತಾತ ಪಿಂಚಣಿದಾರರಾದ್ದರಿಂದ ಹಾಳೆ ಉಳಿದಿತ್ತು. ಪಿಂಚಣಿ ಇಲ್ಲದೆ ಬಂದವರ ಕಾಗದಗಳನ್ನು 25 ವರ್ಷದ ಮೇಲೆ ನಾಶಮಾಡುವ ನಿಯಮವಿದೆ. ಆಮೇಲೆ ಉಳಿಯುವುದು 'ಲಾಂಗ್ ರೋಲ್' ಎಂಬ ಪುಸ್ತಕದ ಚಿಕ್ಕ ನಮೂದು ಮಾತ್ರ.

ಬಂದ ನಕಲನ್ನು ರಾತ್ರಿ ಕುಳಿತು ಓದಿದೆವು. ಅದರಲ್ಲಿತ್ತು! 1965ರ ಸೆಪ್ಟೆಂಬರಿನಿಂದ 1966ರ ಫೆಬ್ರವರಿವರೆಗೆ ತಾತನನ್ನು ಅವರ ಸ್ವಂತ ಯೂನಿಟ್ಟಿನಿಂದ ತೆಗೆದು ಬೇರೊಂದು ಯೂನಿಟ್ಟಿಗೆ ತಾತ್ಕಾಲಿಕವಾಗಿ ಸೇರಿಸಿದ ನಮೂದು. ಕಾರಣ ಕಣ್ಣಿಗೆ ಕಟ್ಟಿತು. ಯುದ್ಧ ಮುಗಿದ ಮೇಲೆ ಪದಕಕ್ಕೆ ಹೆಸರುಪಟ್ಟಿ ಮಾಡುವಾಗ ಸ್ವಂತ ಯೂನಿಟ್ಟು 'ಇವನು ನಮ್ಮ ಜೊತೆ ಇರಲಿಲ್ಲ' ಎಂದು ಬಿಟ್ಟಿತು. ಆ ಯೂನಿಟ್ಟು 'ಇವನು ನಮ್ಮವನಲ್ಲ' ಎಂದು ಬಿಟ್ಟಿತು. ಎರಡೂ ಪಟ್ಟಿಗಳ ನಡುವಿನ ಸಂದಿಯಲ್ಲಿ ತಾತ ಬಿದ್ದುಹೋಗಿದ್ದರು. ಗಡಿಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾತನ ಟ್ರಂಕಿನಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತು. 1965ರ ಅಕ್ಟೋಬರಿನಲ್ಲಿ ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರ. ಸೈನಿಕರು ತಾವಿರುವ ಜಾಗವನ್ನು ಬರೆಯುವಂತಿರಲಿಲ್ಲ. ಆದ್ದರಿಂದ ಪತ್ರದಲ್ಲಿ ಇದ್ದದ್ದು ಎತ್ತುಗಳ ಕ್ಷೇಮ, ತಂಗಿಯ ಮದುವೆ ಮಾತು ಅಷ್ಟೇ. ಆದರೆ ಮೇಲೆ ಅಂಚೆಯ ದುಂಡು ಮುದ್ರೆ ಇತ್ತು: ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ, ತಾರೀಕು. ಆ ಸಂಖ್ಯೆಯ ಅಂಚೆ ಕಚೇರಿ ಯಾವ ಪಡೆಯ ಜೊತೆ ಇತ್ತು ಎನ್ನುವುದು ಸೈನ್ಯಕ್ಕೆ ಗೊತ್ತಿರುತ್ತದೆ. ಅಮೆರಿಕದಲ್ಲೂ ಇಂಥದೇ ದಾರಿ ಹಿಡಿದರು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆ ಭವನಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟವು. ನಕಲು ಇರಲಿಲ್ಲ. ಸಂಬಳದ ಚೀಟಿ, ಆಸ್ಪತ್ರೆ ಕಾಗದ ಮುಂತಾದವನ್ನು ಜೋಡಿಸಿ ಒಬ್ಬೊಬ್ಬರ ಸೇವೆಯನ್ನೂ ಮತ್ತೆ ಕಟ್ಟುತ್ತಾ ಬಂದರು. ಸಣ್ಣ ಕಾಗದವನ್ನು ಬಿಸಾಡಬಾರದು ಎನ್ನುವುದು ಇದಕ್ಕೇ.

ಎರಡನೆಯ ಅರ್ಜಿ ಒಂದೇ ಪುಟ. ಸಂಖ್ಯೆ, ಹುದ್ದೆ, ಹೆಸರು, ಭರ್ತಿಯಾದ ದಿನ, ಬಿಡುಗಡೆಯಾದ ದಿನ. ಕೇಳುವ ಪದಕ ಇದು. ಆ ಅವಧಿಯಲ್ಲಿ ಇಂಥ ಯೂನಿಟ್ಟಿಗೆ ಸೇರಿಸಿದ ಆದೇಶ ನಿಮ್ಮದೇ ಹಾಳೆಯಲ್ಲಿ ಇಲ್ಲಿದೆ. ಜೊತೆಗೆ ಪತ್ರದ ನಕಲು. ಅಷ್ಟೇ, ದೇಶಭಕ್ತಿಯ ಒಂದು ಮಾತೂ ಇಲ್ಲ.

ಅರ್ಜಿ ಬರೆಯುವಾಗ ಪಕ್ಕದ ಮನೆಯವರೊಬ್ಬರು, "ಹೆಂಗೂ ಬರೀತೀರಿ, 1971ರ ಸ್ಟಾರೂ ಸೇರ್ಸಿ ಬಿಡ್ರಿ ಸಾರ್" ಎಂದರು. ತಾತ ತಲೆ ಅಲ್ಲಾಡಿಸಿದರು. "ಬ್ಯಾಡ. ಆಗ ನಾನು ಪಂಜಾಬಿನ ಒಳಗ ಡಿಪೋದಾಗಿದ್ದೆ. ಅಲ್ಲಿ ಸತ್ತೋರು ಅದಾರ. ಇಲ್ಲದ್ದನ್ನ ಕೇಳಿದ್ರ ಇದ್ದದ್ದೂ ಸುಳ್ಳಾಗ್ತೈತಿ" ಎಂದರು. ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇವೆ, ದಾಖಲೆ ಎಂದರೇನು ಎಂದು ಇಷ್ಟು ಚೆನ್ನಾಗಿ ಹೇಳಲು ನಮಗೆ ಬಂದಿರಲಿಲ್ಲ.

ಉತ್ತರ ಬರಲು ಒಂದು ವರ್ಷದ ಮೇಲಾಯಿತು. ಈ ನಡುವೆ ತಾತನಿಗೆ ಕಣ್ಣು ಮಂಜಾಯಿತು. ಕಳೆದ ವರ್ಷ ದಪ್ಪ ಲಕೋಟೆ ಬಂದಾಗ ನಮ್ಮನ್ನು ಕರೆಸಿದರು. ಸಮರ ಸೇವಾ ಸ್ಟಾರ್ 1965ಕ್ಕೆ ಆದೇಶ ಹೊರಡಿಸಿ ದಾಖಲೆಯಲ್ಲಿ ಸೇರಿಸಲಾಗಿದೆ ಎಂದಿತ್ತು. ನಾವು ಅದರ ಜೊತೆ ಜಮ್ಮು-ಕಾಶ್ಮೀರದ ಪಟ್ಟಿಯ ಸೈನ್ಯ ಸೇವಾ ಮೆಡಲ್ ಬಗ್ಗೆಯೂ ವಿಚಾರಿಸಿದ್ದೆವು. ಅದಕ್ಕೆ ಒಟ್ಟು ಒಂದು ವರ್ಷದ ಸೇವೆ ಬೇಕು, ಅಷ್ಟು ಆಗಿಲ್ಲ ಎಂದು ನಿರಾಕರಿಸಿದ್ದರು. ಲೆಕ್ಕ ಹಾಕಿ ನೋಡಿದೆವು, ಅವರು ಹೇಳಿದ್ದು ಸರಿ. ಲೋಹದ ಪದಕ ಇನ್ನೂ ಬಂದಿಲ್ಲ. ಸಾಲು ಬಂದಿದೆ.

ತಾತ ಆ ಸಾಲನ್ನು ನಮ್ಮಿಂದ ಎರಡು ಸಲ ಓದಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹೆಸ್ರು ಸರಿ ಬರ್ದಾರಾ ಸಾರ್?" ಸರಿಯಾಗಿಯೇ ಬರೆದಿದ್ದರು.

ಈ ಸಲ ಆಗಸ್ಟ್ 15ಕ್ಕೆ ತಾತನನ್ನು ಮತ್ತೆ ಕರೆಯುತ್ತೇವೆ. ಆ ನಿವೃತ್ತ ನೌಕರರನ್ನೂ ಕರೆಯುತ್ತೇವೆ, ಪುಟವನ್ನು ಅವರೇ ಓದಲಿ. ಓದುವ ನಿಮ್ಮಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಊರಿನಲ್ಲೂ ಒಬ್ಬಂಟಿ ಸೈನಿಕರಿರಬಹುದು, ಅಥವಾ ಅವರ ಹೆಂಡತಿ ಮಕ್ಕಳಿರಬಹುದು. ಅವರ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪದಕಗಳ ಪುಟವನ್ನೂ ಸೇವೆಯ ಪುಟವನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡೂ ಒಂದನ್ನೊಂದು ಒಪ್ಪದಿದ್ದರೆ ಒಂದು ಪುಟದ ಅರ್ಜಿ ಬರೆಯಿರಿ. ಟ್ರಂಕಿನ ಹಳೆಯ ಪತ್ರಗಳನ್ನು ಮಾತ್ರ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ.